ಚರ್ಚಿನಲ್ಲಿ ಹಾಡುವವರು ಯಾರು?

ನಮ್ಮ ಊರುಗಳ ಚರ್ಚ್ ಕಮಿಟಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಒಂದು ವಾದ ಇದೆ. ಯುವಜನರು ಡ್ರಮ್ಸ್ ಬೇಕು, ಬಾಸ್ ಗಿಟಾರ್ ಬೇಕು, ಪ್ರೊಜೆಕ್ಟರ್ ತೆಗೆದು ಎಲ್‌ಇಡಿ ಗೋಡೆ ಹಾಕಿಸಿ ಅನ್ನುತ್ತಾರೆ. ಹಿರಿಯರು ಇದೇನು ಆರಾಧನೆಯೋ ಆರ್ಕೆಸ್ಟ್ರಾನೋ ಅನ್ನುತ್ತಾರೆ. ಕೊನೆಗೆ ಸಭಾಪಾಲಕರು ಮಧ್ಯದ ದಾರಿ ಹುಡುಕುತ್ತಾರೆ. ಬೆಳಗ್ಗೆ ಮೊದಲ ಆರಾಧನೆ ಹಳೇ ಪದ್ಧತಿ, ಎರಡನೆಯದು ಹೊಸ ಪದ್ಧತಿ. ಅಲ್ಲಿಗೆ ಜಗಳ ನಿಲ್ಲುತ್ತದೆ. ಆದರೆ ಒಂದೇ ಸಭೆಯ ಅಜ್ಜಿ ಮತ್ತು ಮೊಮ್ಮಗಳು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಹಾಡು ಹಾಡುವಂತಾಗುತ್ತದೆ. ನನಗೆ ನೋವಾಗುವುದು ಇಲ್ಲೇ.

ಈ ವಾದದಲ್ಲಿ ಎರಡೂ ಕಡೆಯವರು ಮಾತಾಡುವುದು ವೇದಿಕೆಯ ಬಗ್ಗೆ. ಬೆಂಚುಗಳ ಮೇಲೆ ಕೂತ ಜನರ ಬಗ್ಗೆ ಮಾತು ಕಡಿಮೆ. ಹೊಸ ಹಾಡು, ಹೊಸ ವಾದ್ಯ, ಹೊಸ ಯಂತ್ರ ಯಾವುದೇ ಬರಲಿ, ಕೇಳಬೇಕಾದ ಪ್ರಶ್ನೆ ಒಂದೇ ಅಂತ ನನ್ನ ಅಭಿಪ್ರಾಯ. ಅದು ಬಂದ ಮೇಲೆ ಸಭೆಯ ಹಾಡು ಜಾಸ್ತಿ ಆಯಿತೋ, ಕಡಿಮೆ ಆಯಿತೋ? ಈ ಅಳತೆ ಇಟ್ಟುಕೊಂಡು ನೋಡಿದರೆ ಎರಡೂ ಕಡೆಯ ಕೆಲವು ನಂಬಿಕೆಗಳು ನಿಲ್ಲುವುದಿಲ್ಲ.

ಮೊದಲು ಹಳೆಯದು ಅನ್ನುವ ಮಾತನ್ನೇ ನೋಡೋಣ. ಈಗ ಪವಿತ್ರ ಅಂತ ಕಾಣುವ ಆರ್ಗನ್ನನ್ನು ಒಂದು ಕಾಲಕ್ಕೆ ಚರ್ಚಿನಿಂದ ಹೊರಗೆ ಹಾಕಿದ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನಲ್ಲಿ ಪ್ರೊಟೆಸ್ಟೆಂಟ್ ಚರ್ಚ್ ಸುಧಾರಣೆಯ ನಾಯಕನಾಗಿದ್ದ ಜ್ವಿಂಗ್ಲಿ ಸ್ವತಃ ಹಲವು ವಾದ್ಯ ನುಡಿಸಬಲ್ಲವನು. ಆದರೂ ಆರಾಧನೆಯಲ್ಲಿ ಸಂಗೀತವೇ ಬೇಡ ಅಂದ. 1527ರಲ್ಲಿ ಅಲ್ಲಿನ ದೊಡ್ಡ ಚರ್ಚಿನ ಆರ್ಗನ್ ಬಿಚ್ಚಿಹಾಕಿದರು. ಜನ ಮತ್ತೆ ಹಾಡಲು ಶುರು ಮಾಡಿದ್ದು 1598ರಲ್ಲಿ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಜನರ ಭಾಷೆಯಲ್ಲಿ ಹಾಡು ಬರೆದು, ಜನರಿಂದಲೇ ಹಾಡಿಸುತ್ತಿದ್ದ. 1524ರಲ್ಲಿ ಬಂದ ಮೊದಲ ಲೂಥರನ್ ಹಾಡಿನ ಪುಸ್ತಕದಲ್ಲಿ ಇದ್ದದ್ದು ಎಂಟೇ ಹಾಡು. ಕ್ಯಾಥೊಲಿಕ್ ಚರ್ಚಿನಲ್ಲಿ 1903ರಲ್ಲಿ ಹತ್ತನೇ ಪಿಯುಸ್ ಪೋಪರು ಪಿಯಾನೋ, ಡ್ರಮ್ಮು, ತಾಳಗಳನ್ನು ಚರ್ಚಿನಲ್ಲಿ ನುಡಿಸಬಾರದು ಅಂತ ಆಜ್ಞೆ ಮಾಡಿದರು. ಅರವತ್ತು ವರ್ಷ ಕಳೆದು, 1963ರ ಡಿಸೆಂಬರಿನಲ್ಲಿ, ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ದಸ್ತಾವೇಜನ್ನು ಹೊರಡಿಸಿತು. ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಉಳಿಸಿ, ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಆಯಾ ನಾಡಿನ ಸಂಗೀತಕ್ಕೆ ಅದರದೇ ಮಹತ್ವ ಕೊಡಬೇಕು ಅಂದಿತು. ಜನ ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಭಾಗವಹಿಸಬೇಕು ಅನ್ನುವುದೇ ಅದರ ಮುಖ್ಯ ಗುರಿ.

ನಮ್ಮಲ್ಲಿ ತುಂಬಾ ಜನ 'ದೇಸಿ' ಅಂತ ಒಪ್ಪಿಕೊಂಡಿರುವ ಹಾರ್ಮೋನಿಯಂ ಕೂಡ ಹೀಗೇ ಬಂದದ್ದು. 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ವಾದ್ಯ ಅದು. ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ಹಾಗೆ ಅದನ್ನು ಬದಲಾಯಿಸಿದರು. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಒಳಗೇ ಬಿಡಲಿಲ್ಲ, ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲ ಅಂತ. ಈಗ ಅದಿಲ್ಲದ ಭಜನೆ ಇದೆಯಾ? ಹಾಗಾಗಿ ಗಿಟಾರ್ ವಿದೇಶಿ, ಹಾರ್ಮೋನಿಯಂ ಸ್ವದೇಶಿ ಅನ್ನುವ ವಾದಕ್ಕೆ ಬಲ ಇಲ್ಲ.

ಕನ್ನಡದ ಕ್ರೈಸ್ತ ಹಾಡುಗಳ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬರುವಾಗ ಜರ್ಮನ್ ಹಾಡುಗಳನ್ನೂ ಅವುಗಳ ಧಾಟಿಗಳನ್ನೂ ತಂದರು. 1841ರಲ್ಲಿ ಮುದ್ರಣಾಲಯ ಶುರುವಾಯಿತು. ಹಾಡುಗಳು ಕನ್ನಡಕ್ಕೆ ಬಂದವು, ಧಾಟಿ ಮಾತ್ರ ಹಾಗೇ ಉಳಿಯಿತು. ಇದರಿಂದ ಒಂದು ತೊಡಕಾಯಿತು. ಪಾಶ್ಚಾತ್ಯ ಧಾಟಿಯಲ್ಲಿ ಯಾವ ಸ್ವರ ಉದ್ದ, ಯಾವುದು ಗಿಡ್ಡ ಅನ್ನುವುದು ಮೊದಲೇ ನಿಗದಿ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ಹ್ರಸ್ವ ಅಕ್ಷರ ಉದ್ದ ಸ್ವರದ ಮೇಲೆ ಕೂತರೆ ಕಿವಿಗೆ ಮುಳ್ಳು ಚುಚ್ಚಿದ ಹಾಗಿರುತ್ತದೆ. ಮೂರ್ನಾಲ್ಕು ತಲೆಮಾರು ಹಾಡಿ ಹಾಡಿ ನಮಗೆ ಅಭ್ಯಾಸವಾಗಿದೆ, ಅಷ್ಟೇ.

ಈ ತೊಡಕನ್ನು ಚೆನ್ನಾಗಿ ಅರಿತವರು ಫರ್ಡಿನೆಂಡ್ ಕಿಟೆಲ್. ಅವರ ಹೆಸರು ಹೇಳಿದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ಅದಕ್ಕೂ ಎಷ್ಟೋ ವರ್ಷ ಮೊದಲೇ, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಬರೆದಿದ್ದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯನ್ನು ಸಂಪಾದಿಸಿ ಪ್ರಕಟಿಸಿದರು. ಕನ್ನಡದ ದೇವರ ಹಾಡು ಕನ್ನಡದ ಛಂದಸ್ಸಿನಲ್ಲೇ ಇರಲಿ ಅನ್ನುವ ದಾರಿಯನ್ನು ಹೊರಗಿನಿಂದ ಬಂದ ಒಬ್ಬರು ಹೀಗೆ ಹಾಕಿಕೊಟ್ಟರು. ಆ ದಾರಿಯಲ್ಲಿ ನಾವು ಎಷ್ಟು ದೂರ ನಡೆದಿದ್ದೇವೆ? ಜಾಸ್ತಿ ಏನಿಲ್ಲ.

ರಾಗ ತಾಳದ ಕೀರ್ತನೆಗಳು ಮತ್ತು ಭಜನೆಗಳು ನಮ್ಮ ಸಭೆಗಳಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಹಳ್ಳಿಯ ಸಭೆಗಳಲ್ಲಿ ಇವೇ ಜೀವಾಳ. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ತಬಲಾ ಅಥವಾ ಢೋಲಕ್, ತಾಳ, ಹಾರ್ಮೋನಿಯಂ ಇದ್ದರೆ ಸಾಕು. ಕ್ಯಾಥೊಲಿಕ್ ಕಡೆಯಲ್ಲೂ ಇಂಥ ಕೆಲಸ ನಡೆಯಿತು. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಎನ್‌ಬಿಸಿಎಲ್‌ಸಿ ಎಂಬ, ಬೈಬಲ್, ಧರ್ಮಬೋಧೆ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ ಶುರುವಾಯಿತು. ಎರಡೇ ವರ್ಷಕ್ಕೆ ಭಾರತೀಯ ಪದ್ಧತಿಯ ಹನ್ನೆರಡು ಅಂಶಗಳಿಗೆ ರೋಮಿನಿಂದ ಒಪ್ಪಿಗೆ ಸಿಕ್ಕಿತು. ಆರತಿ, ಅಂಜಲಿ ಹಸ್ತ, ಎಣ್ಣೆ ದೀಪ ಇವೆಲ್ಲ ಪೂಜೆಯೊಳಗೆ ಬಂದವು. ಕೆಲವರು ಇದನ್ನು ಮನಸಾರೆ ಒಪ್ಪಿದರು, ಇನ್ನು ಕೆಲವರು ಕಟುವಾಗಿ ವಿರೋಧಿಸಿದರು. ನಾನು ಗಮನಿಸುವ ಸಂಗತಿ ಬೇರೆ. ಅವತ್ತಿನ ಹೊಸತನ ನಮ್ಮ ನೆಲದ ಕಡೆ ತಿರುಗಿತ್ತು. ಇವತ್ತಿನ ಹೊಸತನ ಹೆಚ್ಚಾಗಿ ಹೊರಗಿನಿಂದ ಬರುತ್ತಿದೆ.

ಎಲ್ಲಿಂದ ಬರುತ್ತಿದೆ? ಆಸ್ಟ್ರೇಲಿಯಾದ ಹಿಲ್‌ಸಾಂಗ್, ಅಮೆರಿಕದ ಬೆತೆಲ್, ಎಲಿವೇಶನ್, ಪ್ಯಾಶನ್. ಇಂಗ್ಲಿಷ್ ಆರಾಧನಾ ಗೀತೆಗಳ ಜಗತ್ತನ್ನು ಇಂಥ ಕೆಲವೇ ಚರ್ಚುಗಳು ಮತ್ತು ಅವುಗಳ ಸಂಗೀತ ಸಂಸ್ಥೆಗಳು ನಡೆಸುತ್ತಿವೆ. ಬೆಂಗಳೂರಿನ ಸಭೆಗಳಿಗೆ ತಮಿಳು, ತೆಲುಗು ಹಾಡುಗಳೂ ಧಾರಾಳವಾಗಿ ಬರುತ್ತವೆ. ಅವುಗಳಲ್ಲಿ ತುಂಬಾ ಚೆನ್ನಾಗಿರುವ ಹಾಡುಗಳಿವೆ, ನಾನೂ ಹಾಡುತ್ತೇನೆ. ಆದರೆ ಹಾಡಿನ ಜೊತೆಗೆ ರೆಕಾರ್ಡಿಂಗಿನ ರೂಢಿಗಳೂ ಬರುತ್ತವೆ. ಕಷ್ಟ ಅಲ್ಲಿ ಶುರುವಾಗುತ್ತದೆ.

ಶ್ರುತಿಯ ವಿಷಯ ತೆಗೆದುಕೊಳ್ಳಿ. ಸಂಗೀತ ಕಲಿಯದ ನಮ್ಮಂಥವರು ಸಲೀಸಾಗಿ ಹಾಡಬಲ್ಲದ್ದು ಸುಮಾರು ಒಂದು ಸಪ್ತಕ, ಅದರ ಮೇಲೆ ಇನ್ನೊಂದೆರಡು ಸ್ವರ. ಹಳೇ ಹಾಡಿನ ಪುಸ್ತಕದ ಧಾಟಿಗಳು ಬಹುಪಾಲು ಈ ಅಳತೆಯೊಳಗೇ ಇರುತ್ತವೆ. ಸಭೆ ಹಾಡಲಿ ಅಂತಲೇ ಮಾಡಿದ ಧಾಟಿಗಳು ಅವು. ಹೊಸ ಆಲ್ಬಮ್ಮಿನ ಹಾಡು ಒಬ್ಬ ಗಾಯಕನ ಕಂಠಕ್ಕೆ ಹೊಂದಿಸಿದ್ದು. ಮೊದಲ ಚರಣ ಕೆಳಗೆ ಮೆತ್ತಗೆ ಶುರುವಾಗಿ, ಕೊನೆಯ ಭಾಗ ಒಂದು ಸಪ್ತಕ ಮೇಲಕ್ಕೆ ಹಾರುತ್ತದೆ. ಸ್ಟುಡಿಯೋದಲ್ಲಿ ಅದು ಮೈ ಜುಮ್ಮೆನ್ನಿಸುತ್ತದೆ. ಭಾನುವಾರ ಬೆಳಗ್ಗೆ ಎಂಟೂವರೆಗೆ ಬಸ್ಸಿಳಿದು ಬಂದವರ ಗಂಟಲಿಗೆ ಅದು ಎಟುಕುವುದಿಲ್ಲ. ಆ ಹಾರಿಕೆ ಬರುವ ಹೊತ್ತಿಗೆ ಒಮ್ಮೆ ವೇದಿಕೆ ಬಿಟ್ಟು ಬೆಂಚುಗಳ ಕಡೆ ನೋಡಿ. ಗಂಡಸರು ಬಾಯಿ ಮುಚ್ಚಿರುತ್ತಾರೆ. ಹೆಂಗಸರು ಒಂದು ಸಪ್ತಕ ಕೆಳಗೆ ಇಳಿದು ಗುನುಗುತ್ತಿರುತ್ತಾರೆ. ವೇದಿಕೆಯ ಮೇಲಿನ ನಾಲ್ಕು ಮೈಕುಗಳ ಸದ್ದು ಮಾತ್ರ ಹಾಲ್ ತುಂಬಿರುತ್ತದೆ. ಕೀಬೋರ್ಡಿನಲ್ಲಿ ಸ್ಕೇಲ್ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಇದೆ. ಗಿಟಾರಿನಲ್ಲಿ ಬೇರೆ ಕಾರ್ಡ್ ಹಿಡಿದರಾಯಿತು. ಎರಡು ಮನೆ ಸ್ಕೇಲ್ ಇಳಿಸಿದರೆ ಅರ್ಧ ಸಭೆ ಮತ್ತೆ ಹಾಡುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೂ ಆಲ್ಬಮ್ಮಿನಲ್ಲಿ ಇದ್ದ ಹಾಗೇ ಬರಬೇಕು ಅನ್ನುವ ಹಟ ಬಿಡುವುದು ಕಷ್ಟ.

ಟ್ರ್ಯಾಕ್ ಇನ್ನೊಂದು. ಈಗ ಎಷ್ಟೋ ವರ್ಶಿಪ್ ತಂಡಗಳು ಲ್ಯಾಪ್‌ಟಾಪಿನಿಂದ ಮೊದಲೇ ರೆಕಾರ್ಡ್ ಆದ ವಾದ್ಯಗಳನ್ನು ಬಿಡುತ್ತವೆ. ನುಡಿಸುವವರ ಕಿವಿಯಲ್ಲಿ ತಾಳ ಎಣಿಸುವ ಕ್ಲಿಕ್ ಸದ್ದು ಕೇಳುತ್ತಿರುತ್ತದೆ. ಎಲ್ಲ ಕರಾರುವಾಕ್ಕಾಗಿ ಬರುತ್ತದೆ, ನಿಜ. ಆದರೆ ಸಭೆ ಒಂದು ಸಾಲನ್ನು ಇನ್ನೊಮ್ಮೆ ಹಾಡಬೇಕು ಅಂದುಕೊಂಡರೆ ಯಂತ್ರ ಕಾಯುವುದಿಲ್ಲ. ವಯಸ್ಸಾದವರು ಉಸಿರು ಎಳೆದುಕೊಳ್ಳಲಿ ಅಂತ ಒಳ್ಳೆಯ ಆರ್ಗನಿಸ್ಟ್ ಚರಣಗಳ ನಡುವೆ ಅರೆಕ್ಷಣ ನಿಲ್ಲುತ್ತಾರೆ. ಕ್ಲಿಕ್ಕಿಗೆ ಆ ಕರುಣೆ ಇಲ್ಲ.

ಹಿರಿಯರ ಒಂದು ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. 'ಒಂದೇ ಸಾಲನ್ನು ಹತ್ತು ಸಲ ಹಾಡ್ತಾರೆ' ಅನ್ನುವ ದೂರು. ಭಜನೆಯಲ್ಲಿ ನಾವು ಮಾಡುವುದೂ ಅದನ್ನೇ ಅಲ್ವಾ? ಫ್ರಾನ್ಸಿನ ತೈಜೆ ಆಶ್ರಮದಲ್ಲಿ ಒಂದೆರಡು ಸಾಲಿನ ಹಾಡನ್ನು ಮತ್ತೆ ಮತ್ತೆ ಹಾಡುತ್ತಲೇ ಪ್ರಾರ್ಥಿಸುತ್ತಾರೆ. ಅಲ್ಲಿ ಸಾವಿರಾರು ಜನ ಬೇರೆ ಬೇರೆ ದೇಶದವರು ಒಟ್ಟಿಗೆ ದನಿ ಕೂಡಿಸುತ್ತಾರೆ. ಮತ್ತೆ ಮತ್ತೆ ಹಾಡುವುದರಿಂದ ಪುಸ್ತಕ ಓದಲು ಬಾರದವರಿಗೂ ಹಾಡು ಸಿಗುತ್ತದೆ. ಹೊಸ ಹಾಡುಗಳ ಈ ಗುಣ ನಮ್ಮ ಭಜನೆಗೆ ತೀರಾ ಹತ್ತಿರದ್ದು. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನುತ್ತೇನೆ ನಾನು.

ಈಗ ಪರದೆಗೆ ಬರೋಣ. ಪರದೆ ಬಂದದ್ದರಿಂದ ಒಳ್ಳೆಯದೇ ಆಗಿದೆ, ಅದನ್ನು ಮೊದಲು ಹೇಳಬೇಕು. ಪುಸ್ತಕದ ಸಣ್ಣ ಅಕ್ಷರ ಕಾಣದವರಿಗೆ ದೊಡ್ಡ ಅಕ್ಷರ ಸಿಕ್ಕಿತು. ಹೊಸದಾಗಿ ಬಂದವರು ಪುಟ ಹುಡುಕಿ ಮುಜುಗರ ಪಡುವುದು ತಪ್ಪಿತು. ತಲೆ ಬಗ್ಗಿಸಿ ಪುಸ್ತಕಕ್ಕೆ ಹಾಡುತ್ತಿದ್ದವರು ತಲೆ ಎತ್ತಿ ಹಾಡಿದರೆ ದನಿ ತಾನಾಗಿ ಜೋರಾಗುತ್ತದೆ. ಕೈ ಬಿಡುವಾದರೆ ಚಪ್ಪಾಳೆ ತಟ್ಟಬಹುದು.

ಆದರೆ ಕನ್ನಡದ ಪರದೆಗೆ ಅದರದೇ ಕಷ್ಟಗಳಿವೆ. ಹಳೇ ಹಾಡುಗಳನ್ನು ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಕೂತು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅದು ಎಲ್ಲ ಸಾಫ್ಟ್‌ವೇರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತ ಅಲ್ಲ. ಅದನ್ನು ಇನ್ನೊಂದು ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಕನ್ನಡದ ಪದ ಉದ್ದ, ಹಾಗಾಗಿ ಇಂಗ್ಲಿಷಿಗೆ ಮಾಡಿದ ಅಳತೆಯಲ್ಲಿ ಪದ ಅರ್ಧಕ್ಕೆ ಮುರಿಯುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳಬೇಕಾದ ಜಾಗ ಒಂದು, ಸ್ಲೈಡ್ ಮುಗಿಯುವ ಜಾಗ ಇನ್ನೊಂದು. ಸ್ಲೈಡ್ ಒತ್ತುವ ಹುಡುಗನಿಗೆ ಹಾಡು ಗೊತ್ತಿಲ್ಲದಿದ್ದರೆ ಸಭೆ ಸಾಲಿನ ಮಧ್ಯೆ ನಿಂತುಬಿಡುತ್ತದೆ. ಓಪನ್‌ಎಲ್‌ಪಿಯಂಥ ಉಚಿತ ಸಾಫ್ಟ್‌ವೇರುಗಳಲ್ಲಿ ಯೂನಿಕೋಡ್ ಕನ್ನಡ ಬಳಸಬಹುದು. ಒಂದು ಸಲ ಸರಿಯಾಗಿ ಟೈಪ್ ಮಾಡಿ, ಸಾಲು ಒಡೆದು ಇಟ್ಟರೆ ಎಲ್ಲ ಸಭೆಗಳಿಗೂ ಹಂಚಬಹುದು. ಒಬ್ಬ ಬಿಷಪ್ಪರ ಆಡಳಿತದ ಒಂದು ಡಯಾಸಿಸ್ ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಬೆಂಗಳೂರಿನಲ್ಲಿ ಇನ್ನೊಂದು ನೋಟ ಕಾಣುತ್ತದೆ. ಕನ್ನಡ ಹಾಡನ್ನೇ ಇಂಗ್ಲಿಷ್ ಲಿಪಿಯಲ್ಲಿ ಹಾಕುತ್ತಾರೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ನಿಧಾನ. ಹಾಡಿನ ವೇಗಕ್ಕೆ ಕಣ್ಣು ಓಡುವುದಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ, ಅವರು ಹಾಡಲಿ ಅನ್ನುವುದೇ ಮುಖ್ಯ. ಆದರೆ ಕನ್ನಡ ಲಿಪಿಯನ್ನು ತೆಗೆದೇ ಬಿಡುವುದು ಸರಿಯಲ್ಲ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಲಿಪಿ, ಎರಡೂ ಇರಲಿ. ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡದಲ್ಲಿ ಓದಬಲ್ಲ ಮುಂದಿನ ತಲೆಮಾರು ಬೇಕು ಅಂದರೆ ಭಾನುವಾರದ ಆ ಒಂದು ಗಂಟೆ ದೊಡ್ಡ ಪಾಠಶಾಲೆ.

ಪುಸ್ತಕ ಹೋದರೆ ಏನು ಹೋಗುತ್ತದೆ ಅನ್ನುವುದನ್ನೂ ಯೋಚಿಸಬೇಕು. ಪುಸ್ತಕದಲ್ಲಿ ಹಾಡಿನ ಪೂರ್ತಿ ಆಕಾರ ಕಣ್ಣ ಮುಂದಿರುತ್ತದೆ. ಪರದೆಯಲ್ಲಿ ಕಾಣುವುದು ಎರಡು ಸಾಲು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲಕ್ಕೆ, ಶುಭಶುಕ್ರವಾರಕ್ಕೆ, ಮದುವೆಗೆ, ಸಾವಿಗೆ ಅಂತ ಪುಸ್ತಕದಲ್ಲಿ ಹಾಡುಗಳು ವಿಂಗಡವಾಗಿರುತ್ತವೆ. ಅದನ್ನು ತಿರುವಿದವರಿಗೆ ನಂಬಿಕೆಯ ಇಡೀ ವರ್ಷ ಕೈಯಲ್ಲಿ ಸಿಗುತ್ತದೆ. ಹೊಸ ಹಾಡುಗಳಲ್ಲಿ ಸ್ತುತಿ ಜಾಸ್ತಿ, ಅಳು ಕಡಿಮೆ. ಸತ್ಯವೇದದ ಕೀರ್ತನೆಗಳಲ್ಲಿ ಹೀಗಿಲ್ಲ, ಅಲ್ಲಿ ದೇವರೊಂದಿಗೆ ಜಗಳವಾಡುವ, ಗೋಳಾಡುವ ಕೀರ್ತನೆಗಳು ರಾಶಿ ಇವೆ. ಸಾವಿನ ಮನೆಯಲ್ಲಿ ಕರೆಂಟು, ಪ್ರೊಜೆಕ್ಟರ್, ಟ್ರ್ಯಾಕ್ ಯಾವುದೂ ಇರುವುದಿಲ್ಲ. ಬಾಯಿಪಾಠ ಬರುವ ನಾಲ್ಕು ಹಾಡು ಇರಬೇಕು, ಅಷ್ಟೇ. ಇಪ್ಪತ್ತು ವಯಸ್ಸಿನವರಿಗೆ ಇವತ್ತು ಅಂಥ ಎಷ್ಟು ಹಾಡು ಬರುತ್ತವೆ ಅಂತ ಪ್ರತಿ ಸಭೆಯೂ ಒಮ್ಮೆ ಕೇಳಿಕೊಳ್ಳಬೇಕು.

ಚಿತ್ರಗಳ ಬಗ್ಗೆಯೂ ಒಂದು ಮಾತು. ಚರ್ಚಿನಲ್ಲಿ ಚಿತ್ರ ಹೊಸದೇನಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಹೋದವರಿಗೆ ಇದು ಗೊತ್ತು. ಇಟಲಿಯ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರರು 19ನೇ ಶತಮಾನದ ಕೊನೆಯಲ್ಲಿ ಬಂದು ಅದರ ಗೋಡೆ, ಛಾವಣಿ ಪೂರ್ತಿ ಬಣ್ಣ ತುಂಬಿದರು. ಆ ಕಾಲದ ಮಲ್ಟಿಮೀಡಿಯಾ ಅಂದರೆ ಅದೇ. ಆ ಚಿತ್ರಗಳು ಅಲ್ಲಾಡುವುದಿಲ್ಲ. ನಮಗೆ ಬೇಕಾದಾಗ ನೋಡಬಹುದು, ಬೇಡವಾದಾಗ ಕಣ್ಣು ಮುಚ್ಚಿ ಪ್ರಾರ್ಥಿಸಬಹುದು. ಹಾಡಿನ ಸಾಲುಗಳ ಹಿಂದೆ ಸಮುದ್ರ, ಮೋಡ, ಮೇಣದಬತ್ತಿ ಓಡುತ್ತಲೇ ಇದ್ದರೆ ಕಣ್ಣಿಗೆ ಬಿಡುವೇ ಇಲ್ಲ. ಹಾಡು ಹೇಳುವುದೇ ಒಂದು, ಹಿಂದಿನ ವಿಡಿಯೋ ತೋರಿಸುವುದೇ ಇನ್ನೊಂದು. ಗಾಢ ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸದ್ದಿನ ವಿಷಯ ಕಟ್ಟಡಕ್ಕೆ ಅಂಟಿಕೊಂಡದ್ದು. ಎತ್ತರದ ಛಾವಣಿ, ಗಟ್ಟಿ ಗೋಡೆಗಳ ಹಳೇ ಚರ್ಚುಗಳಲ್ಲಿ ದನಿ ಪ್ರತಿಧ್ವನಿಸುತ್ತದೆ. ಆರ್ಗನ್, ಕ್ವಾಯರಿಗೆ ಅದು ವರ. ಜನರ ಸಣ್ಣ ದನಿಯನ್ನೂ ಅದು ದೊಡ್ಡದು ಮಾಡುತ್ತದೆ. ಡ್ರಮ್ಸಿಗೆ ಮಾತ್ರ ಅದೇ ಶಾಪ. ಒಂದು ಪೆಟ್ಟಿನ ಸದ್ದು ಆರುವ ಮೊದಲೇ ಇನ್ನೊಂದು ಪೆಟ್ಟು ಬೀಳುತ್ತದೆ, ಎಲ್ಲ ಕಲಸಿಹೋಗುತ್ತದೆ. ಆಗ ಸೌಂಡಿನವರು ಮೈಕ್ ಏರಿಸುತ್ತಾರೆ, ಅದಕ್ಕೆ ಗಿಟಾರಿನವರು ಏರಿಸುತ್ತಾರೆ. ಪಕ್ಕದವರ ದನಿ ಕೇಳದಿದ್ದರೆ ಜನ ಹಾಡುವುದನ್ನು ನಿಲ್ಲಿಸುತ್ತಾರೆ. ನಾನೊಬ್ಬನೇ ಹಾಡುತ್ತಿದ್ದೇನೆ ಅನಿಸಿದರೆ ಯಾರಿಗಾದರೂ ನಾಚಿಕೆ ಆಗುತ್ತದೆ. ಅಂಥ ಕಟ್ಟಡಕ್ಕೆ ಕಹೋನ್ ಎಂಬ ಮರದ ಪೆಟ್ಟಿಗೆ ವಾದ್ಯ ಅಥವಾ ತಬಲಾ ಎಷ್ಟೋ ವಾಸಿ. ಹೊರಗಿನವರ ಮಾತೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಇದು ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ ಒಂದೇ.

ನೇರಪ್ರಸಾರ ನಮ್ಮಲ್ಲಿ ಬೇರೂರಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿದ ಚರ್ಚುಗಳು ಜೂನ್ ತಿಂಗಳವರೆಗೆ ತೆರೆಯಲಿಲ್ಲ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಖಾಲಿ ಬೆಂಚುಗಳ ಮುಂದೆ ಆರಾಧನೆ ನಡೆಸಿದರು. ಅದು ದೊಡ್ಡ ಆಸರೆ ಆಯಿತು. ಇವತ್ತಿಗೂ ಹಾಸಿಗೆ ಹಿಡಿದವರಿಗೆ, ದುಬೈ, ಕುವೈತಿನಲ್ಲಿರುವ ಕರಾವಳಿಯ ಮಂದಿಗೆ ಊರ ಚರ್ಚಿನ ಗಂಟೆ ಕೇಳುವುದು ಹೀಗೆಯೇ. 13ನೇ ಶತಮಾನದ ಸಂತ ಕ್ಲಾರಾ ಕಾಯಿಲೆಯಿಂದ ಮಲಗಿದ್ದಾಗ ದೂರದ ಪೂಜೆಯನ್ನು ತನ್ನ ಕೋಣೆಯಿಂದಲೇ ಕಂಡಳು ಅನ್ನುವ ಕಥೆ ಇದೆ. ಅದಕ್ಕೇ 1958ರಲ್ಲಿ ಆಕೆಯನ್ನು ಟೆಲಿವಿಷನ್ನಿನ ಪಾಲಕ ಸಂತಳೆಂದು ಸಾರಿದರು. ಬರಲಾಗದವರಿಗಾಗಿ ಕ್ಯಾಮೆರಾ, ಈ ತತ್ವ ನನಗೆ ಇಷ್ಟ. ಬರಬಲ್ಲವರೂ ಮನೆಯಲ್ಲೇ ಕೂತು ಕಾಫಿ ಕುಡಿಯುತ್ತಾ ನೋಡಿದರೆ ಮಾತು ಬೇರೆ. ಕ್ಯಾಮೆರಾ ಬಂದ ಮೇಲೆ ವೇದಿಕೆಯ ಮೇಲಿನವರೂ ಲೆನ್ಸಿನ ಕಡೆ ತಿರುಗುತ್ತಾರೆ. ಮಿಕ್ಸರಿನಿಂದ ಪ್ರಸಾರಕ್ಕೆ ಹೋಗುವುದು ವೇದಿಕೆಯ ಮೈಕುಗಳ ಸದ್ದು ಮಾತ್ರ. ಸಭೆ ಎಷ್ಟೇ ಚೆನ್ನಾಗಿ ಹಾಡಿದರೂ ದುಬೈಯಲ್ಲಿ ಕೂತವರಿಗೆ ಕೇಳುವುದು ನಾಲ್ಕೇ ಜನ. ಬೆಂಚುಗಳ ಕಡೆ ಮುಖ ಮಾಡಿ ಒಂದೆರಡು ಮೈಕ್ ಇಟ್ಟರೆ ಇದು ಸರಿಹೋಗುತ್ತದೆ.

ಪ್ರಸಾರದ ಜೊತೆ ಕಾನೂನೂ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಡಿದರೆ ಉಲ್ಲಂಘನೆ ಅಲ್ಲ. ಯೂಟ್ಯೂಬಿನಲ್ಲಿ ಉಳಿಯುವ ವಿಡಿಯೋ ಬೇರೆ ವಿಚಾರ. ಅಲ್ಲಿ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತಿಸಿ ಸದ್ದು ಅಡಗಿಸಬಹುದು, ವಿಡಿಯೋ ತಡೆಯಬಹುದು. ಆಲ್ಬಮ್ಮಿನ ಟ್ರ್ಯಾಕನ್ನೇ ನುಡಿಸಿದರಂತೂ ಸಿಕ್ಕಿಬೀಳುವುದು ಸುಲಭ. ಬದುಕಿರುವವರ ಹಾಡನ್ನು ಕನ್ನಡಕ್ಕೆ ತಂದು ಪ್ರಕಟಿಸುವುದಕ್ಕೂ ಅವರ ಅನುಮತಿ ಬೇಕು. ಭಾರತದಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಉಳಿಯುತ್ತದೆ. ಮಿಷನ್ ಕಾಲದ ಕನ್ನಡ ಹಾಡುಗಳು ಈಗ ಯಾರ ಅಪ್ಪಣೆಯೂ ಬೇಡದ ಆಸ್ತಿ. ಅವುಗಳನ್ನು ಹೊಸ ವಾದ್ಯಗಳಲ್ಲಿ, ಹೊಸ ರಾಗದಲ್ಲಿ ಹಾಡಿ ಹಾಕಲು ಯಾವ ಅಡ್ಡಿಯೂ ಇಲ್ಲ. ಯುವಕರ ತಂಡಗಳು ಇದರ ಕಡೆ ಯಾಕೆ ಇನ್ನೂ ಜಾಸ್ತಿ ಕೈ ಹಾಕಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಹಳೆಯದನ್ನು ಹೊಸದಾಗಿ ಹಾಡಿದರೆ ಮುಗಿಯುವುದೂ ಇಲ್ಲ. ಹೊಸ ಹಾಡನ್ನು ಹಾಡಿರಿ ಅಂತ ಕೀರ್ತನೆಗಳ ಪುಸ್ತಕವೇ ಮತ್ತೆ ಮತ್ತೆ ಹೇಳುತ್ತದೆ, 96ನೆಯದು, 98ನೆಯದು, 149ನೆಯದು. ಮಳೆ ಬಾರದ ವರ್ಷಕ್ಕೆ, ಕೆಲಸ ಕಳೆದುಕೊಂಡ ಮನೆಗೆ, ಊರು ಬಿಟ್ಟು ಬಂದವರ ಒಂಟಿತನಕ್ಕೆ ಕನ್ನಡದಲ್ಲೇ ಹುಟ್ಟಿದ ಪ್ರಾರ್ಥನೆಯ ಹಾಡು ಬೇಕು. ಷಟ್ಪದಿ, ತ್ರಿಪದಿ, ಸಾಂಗತ್ಯ ಬಲ್ಲವರು ನಮ್ಮ ಸಭೆಗಳಲ್ಲೂ ಇದ್ದಾರೆ. ರಾಗ ಬಲ್ಲವರಿದ್ದಾರೆ, ಗಿಟಾರ್ ಬಲ್ಲ ಮಕ್ಕಳಿದ್ದಾರೆ. ಅವರನ್ನು ಒಂದು ಕೋಣೆಯಲ್ಲಿ ಕೂರಿಸುವವರು ಬೇಕು. ಎಲ್‌ಇಡಿ ಗೋಡೆಗೆ ಲಕ್ಷಗಟ್ಟಲೆ ಎತ್ತಿಡುವ ಕಮಿಟಿ ಅದರ ಹತ್ತನೇ ಒಂದು ಪಾಲನ್ನು ಹಾಡು ಬರೆಯುವವರಿಗೆ, ರಾಗ ಕೂಡಿಸುವವರಿಗೆ, ಭಾನುವಾರ ಶಾಲೆಯಲ್ಲಿ ಅದನ್ನು ಕಲಿಸುವವರಿಗೆ ಎತ್ತಿಡಲಿ. ಮುಂದಿನ ಬಜೆಟ್ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಇದನ್ನು ಕೇಳಬೇಕು.